ಎಸ್ಟಿಮೇಟಿನಿಂದ ನಾನು ಅಳಿಸಿದ ಒಂದು ಸಾಲು: ಜಾಹೀರಾತು ಛಾಯಾಗ್ರಾಹಕರಿಗೆ ಎಚ್ಚರಿಕೆ

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಜಾಹೀರಾತು ಏಜೆನ್ಸಿಗಳಿಗೆ ತಿಂಡಿ, ಪಾನೀಯಗಳ ಚಿತ್ರ ತೆಗೆದುಕೊಡುತ್ತಿರುವ ನಾನು, ಕಾಗದಪತ್ರದ ವಿಷಯದಲ್ಲಿ ಎಡವುವಷ್ಟು ಎಳಸಲ್ಲ ಎಂದುಕೊಂಡಿದ್ದೆ. ಒಂದು ಕಾಫಿಪುಡಿ ಕಂಪನಿಯ ಕೆಲಸದಲ್ಲಿ ಆ ಭ್ರಮೆ ಹರಿಯಿತು. ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ತಪ್ಪಿದ್ದು ಎಲ್ಲಿ ಎಂಬುದು ಇದೇ ಕಸುಬಿನವರಿಗೆ ತಿಳಿದರೆ ಸಾಕು.

ಏಜೆನ್ಸಿಯಲ್ಲಿ ಆರ್ಟ್ ಪ್ರೊಡ್ಯೂಸರ್ ಎಂದು ಒಬ್ಬರಿರುತ್ತಾರೆ. ಹಿಂದೆ ಆರ್ಟ್ ಬೈಯರ್ ಎನ್ನುತ್ತಿದ್ದರು. ಆರ್ಟ್ ಡೈರೆಕ್ಟರ್ ಬರೆದ ಲೇಔಟಿಗೆ ತಕ್ಕ ಛಾಯಾಗ್ರಾಹಕರನ್ನು ಹುಡುಕುವುದು, ಎರಡು ಮೂರು ಕಡೆಯಿಂದ ಎಸ್ಟಿಮೇಟ್ ತರಿಸಿ ದರ ಕುದುರಿಸುವುದು, ಶೂಟಿಂಗ್ ದಿನ ಕ್ಲೈಂಟಿಗೂ ನಮಗೂ ನಡುವೆ ನಿಲ್ಲುವುದು, ಕೊನೆಗೆ ಬಿಲ್ ಪಾಸ್ ಮಾಡಿಸುವುದು, ಎಲ್ಲವೂ ಅವರ ಪಾಲಿನದು. ಒಳ್ಳೆಯವರು ಸಿಕ್ಕರೆ ನಮ್ಮ ಅರ್ಧ ತಲೆನೋವು ಇಳಿಯುತ್ತದೆ. ಆ ಕಾರಣಕ್ಕೇ ಅವರು ಹೇಳಿದ್ದನ್ನು ಕ್ಲೈಂಟೇ ಹೇಳಿದಂತೆ ನಂಬಿಬಿಡುತ್ತೇವೆ. ನಾನೂ ಹಾಗೆಯೇ ನಂಬಿದೆ.

ನನ್ನ ಎಸ್ಟಿಮೇಟಿನ ಕೊನೆಯಲ್ಲಿ ಒಂದು ಸಾಲಿತ್ತು: ಚಿತ್ರಗಳ ಬಳಕೆ ಒಂದು ವರ್ಷ, ಕರ್ನಾಟಕದೊಳಗೆ, ಪತ್ರಿಕೆ ಮತ್ತು ಅಂಗಡಿಯ ಪೋಸ್ಟರುಗಳಿಗೆ ಮಾತ್ರ, ಹೋರ್ಡಿಂಗಿಗೂ ಪ್ಯಾಕೆಟ್ಟಿಗೂ ಬೇರೆ ದರ. ಆರ್ಟ್ ಪ್ರೊಡ್ಯೂಸರ್ ಫೋನ್ ಮಾಡಿದರು. "ಸರ್, ಈ ಯೂಸೇಜ್ ಲೈನ್ ನೋಡಿದ್ರೆ ಪರ್ಚೇಸ್‌ನವರು ಫೈಲನ್ನ ಲೀಗಲ್‌ಗೆ ಕಳಿಸ್ತಾರೆ, ಹದಿನೈದು ದಿನ ಹೋಗುತ್ತೆ. ಅದೊಂದು ತೆಗೆದು ಕಳ್ಸಿ, ನಾನು ಬೇರೆ ಮೇಲ್‌ನಲ್ಲಿ ಕನ್ಫರ್ಮ್ ಮಾಡ್ತೀನಿ." ಹಿಂದೆ ಐದಾರು ಕೆಲಸಗಳನ್ನು ಜೊತೆಯಲ್ಲಿ ಮಾಡಿದ್ದವರು, ಅವರ ಮಾತಿನಲ್ಲಿ ಕಪಟವಿತ್ತೆಂದು ಇಂದಿಗೂ ನನಗನ್ನಿಸಿಲ್ಲ. ಸಾಲನ್ನು ಅಳಿಸಿ ಕಳಿಸಿದೆ. ಆ ಮೇಲ್ ಬರಲೇ ಇಲ್ಲ. ಪಿ.ಓ., ಅಂದರೆ ಕೆಲಸದ ಲಿಖಿತ ಆದೇಶವಾದ ಪರ್ಚೇಸ್ ಆರ್ಡರ್, ಸೋಮವಾರ ಬರುತ್ತದೆ ಎಂದಿದ್ದರು. ಶೂಟಿಂಗ್ ಅದಕ್ಕೂ ಮೊದಲಿನ ಶುಕ್ರವಾರವೇ ಮುಗಿಯಿತು.

ಕೆಲಸವೇನೋ ಚೆನ್ನಾಗಿಯೇ ಆಯಿತು. ಫಿಲ್ಟರ್ ಕಾಫಿಯ ನೊರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹಿತ್ತಾಳೆಯ ಲೋಟವೋ ಎದುರಿಗಿದ್ದುದನ್ನೆಲ್ಲ, ಕ್ಯಾಮೆರಾವನ್ನೂ ಸೇರಿಸಿ, ತನ್ನ ಮೈಮೇಲೆ ತೋರಿಸುತ್ತದೆ. ಸುತ್ತ ಟ್ರೇಸಿಂಗ್ ಪೇಪರ್ ಕಟ್ಟಿ, ಅಂಚು ಎದ್ದು ಕಾಣಲೆಂದು ಪಕ್ಕದಲ್ಲಿ ಕಪ್ಪು ರಟ್ಟು ನಿಲ್ಲಿಸಿ, ಬೆಳಕು ಹದಕ್ಕೆ ಬಂದ ಮೇಲೆ ಫುಡ್ ಸ್ಟೈಲಿಸ್ಟ್ ಎತ್ತರದಿಂದ ಹೊಯ್ದು ತಂದ ಲೋಟವನ್ನು ಆ ಕ್ಷಣವೇ ಹಿಡಿಯಬೇಕಿತ್ತು. ಲೋಟ ಹಿಡಿದ ಕೈ ಒಬ್ಬ ರಂಗಕಲಾವಿದೆಯದು. ಹೆಬ್ಬೆರಳ ಬುಡದಲ್ಲಿ ಒಂದು ಮಚ್ಚೆ ಇತ್ತು. ರೀಟಚ್ ಮಾಡುವ ಹುಡುಗ ಅದನ್ನು ಅಳಿಸಲು ಹೊರಟಾಗ, ಇರಲಿ, ಮನೆಯವರ ಕೈಯಂತೆ ಕಾಣುತ್ತದೆ ಎಂದು ತಡೆದವನು ನಾನೇ. ಅವರಿಗೆ ಸಂಭಾವನೆ ಕೊಟ್ಟದ್ದು ಒಂದು ವರ್ಷದ ಬಳಕೆಯ ಲೆಕ್ಕದಲ್ಲಿ. ಚಿತ್ರ ಬಳಸಲು ಅವರು ನನಗೆ ಸಹಿ ಮಾಡಿಕೊಟ್ಟ ಒಪ್ಪಿಗೆಯಲ್ಲಿ, ಅಂದರೆ ಮಾಡೆಲ್ ರಿಲೀಸ್ ಪತ್ರದಲ್ಲಿಯೂ, ಹಾಗೆಯೇ ಬರೆದಿತ್ತು.

ಪಿ.ಓ. ಬಂದದ್ದು ಶೂಟಿಂಗ್ ಮುಗಿದ ಹನ್ನೊಂದನೆಯ ದಿನ. ಅದರ ನಂಬರನ್ನು ಇನ್‌ವಾಯ್ಸಿನ ಮೇಲೆ ಬರೆದು ಕಳಿಸಿದೆ. ಎರಡನೆಯ ಪುಟವನ್ನು ಓದಲಿಲ್ಲ. ಹಣ ಕೈಸೇರಲು ನಾಲ್ಕು ತಿಂಗಳಾಯಿತು. ಶೇ. 18ರ ಜಿ.ಎಸ್‌.ಟಿ.ಯನ್ನು ಮಾತ್ರ ಇನ್‌ವಾಯ್ಸ್ ಕಳಿಸಿದ ಮರುತಿಂಗಳೇ ಕೈಯಿಂದ ಕಟ್ಟಿದ್ದೆ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಸಿದ್ದರೆ 45 ದಿನಗಳ ಮೇಲಿನ ವಿಳಂಬಕ್ಕೆ 2006ರ ಎಂ.ಎಸ್‌.ಎಂ.ಇ. ಕಾಯ್ದೆಯಡಿ ಬಡ್ಡಿ ಕೇಳಬಹುದಿತ್ತು, ಮಾಡಿಸಿರಲಿಲ್ಲ.

ಒಂದೂವರೆ ವರ್ಷದ ನಂತರ ಆ ಕಲಾವಿದೆ ಹೈದರಾಬಾದಿನಿಂದ ಒಂದು ಹೋರ್ಡಿಂಗಿನ ಫೋಟೋ ಕಳಿಸಿ, "ಸರ್, ಇದು ನನ್ನ ಕೈ ಅಲ್ವಾ?" ಎಂದು ಕೇಳಿದರು. ಮಚ್ಚೆ ಅಷ್ಟು ದೂರದಿಂದಲೂ ಸ್ಪಷ್ಟವಾಗಿತ್ತು. ವಿಚಾರಿಸಿದರೆ ಅದೇ ಚಿತ್ರ ಪ್ಯಾಕೆಟ್ಟಿನ ಮೇಲೂ ಬಂದಿತ್ತು. ಆರ್ಟ್ ಪ್ರೊಡ್ಯೂಸರ್ ಅಷ್ಟರಲ್ಲಿ ಕೆಲಸ ಬದಲಿಸಿದ್ದರು. ಅವರ ಜಾಗಕ್ಕೆ ಬಂದವರು ಬಹಳ ಸೌಜನ್ಯದಿಂದ ಪಿ.ಓ.ದ ಎರಡನೆಯ ಪುಟವನ್ನು ಕಳಿಸಿದರು: ಎಲ್ಲ ಮಾಧ್ಯಮ, ಎಲ್ಲ ದೇಶ, ಶಾಶ್ವತ ಹಕ್ಕು.

ಆ ಪುಟ ಇಲ್ಲದಿದ್ದರೂ ನಿಮ್ಮ ಕೈ ಮೇಲಾಗುತ್ತಿರಲಿಲ್ಲ ಎಂದರು ವಕೀಲರು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದವಿಲ್ಲದಿದ್ದರೆ. ಇಂಥ ನಿಯಮ ಬ್ರಿಟನ್ನಿನ 1911ರ ಕಾಯ್ದೆಯಲ್ಲಿಯೇ ಇತ್ತು. ಅವರು 1988ರ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು, ನಾವು ಇನ್ನೂ ಉಳಿಸಿಕೊಂಡಿದ್ದೇವೆ. ಅಮೆರಿಕದಲ್ಲಿ ಸ್ವತಂತ್ರ ಛಾಯಾಗ್ರಾಹಕರು ಬರೆದುಕೊಡದ ಹೊರತು ಹಕ್ಕು ಸಾಮಾನ್ಯವಾಗಿ ಅವರಲ್ಲಿಯೇ ಉಳಿಯುತ್ತದೆ. ಅಲ್ಲಿನವರ ಸಲಹೆಗಳನ್ನು ಓದಿ ಬೆಳೆದ ನಾವು, ತೆಗೆದ ಚಿತ್ರ ತೆಗೆದವನದೇ ಎಂದು ಇಲ್ಲಿ ಹಾಯಾಗಿ ಕುಳಿತಿರುತ್ತೇವೆ. ಕಾಯ್ದೆ ಹೇಳುವ ಆ "ಬೇರೆ ಒಪ್ಪಂದ" ಆಗಬಹುದಾಗಿದ್ದುದು ನಾನು ಫೋನಿನ ಮಾತಿಗೆ ಅಳಿಸಿದ ಸಾಲೊಂದೇ.

ಕಲಾವಿದೆಗೆ ಹೆಚ್ಚುವರಿ ಬಳಕೆಯ ಹಣವನ್ನು ನನ್ನ ಜೇಬಿನಿಂದಲೇ ಕೊಟ್ಟೆ. ಅವರ ಸಹಿ ಇದ್ದದ್ದು ನನ್ನ ಪತ್ರದ ಮೇಲೆ, ಕಂಪನಿಯ ಪತ್ರದ ಮೇಲಲ್ಲ.

ಈಗ ಪಿ.ಓ. ಬಂದು, ಅದರ ಎರಡನೆಯ ಪುಟವನ್ನು ಓದಿ, ಒಪ್ಪಿಗೆಯಾಗದ ಷರತ್ತಿಗೆ ಮೇಲ್‌ನಲ್ಲಿ ಉತ್ತರ ಪಡೆಯುವವರೆಗೆ ಸ್ಟುಡಿಯೋ ಬುಕ್ ಮಾಡುವುದಿಲ್ಲ. ಕಳೆದ ತಿಂಗಳು ಇನ್ನೊಂದು ಏಜೆನ್ಸಿಯಿಂದ ಫೋನ್ ಬಂತು; ಆ ಸಾಲು ತೆಗೆಯಿರಿ, ಮೇಲ್ ಆಮೇಲೆ ಕಳಿಸುತ್ತೇವೆ ಎಂಬ ಅದೇ ಮಾತು. ಮೇಲ್ ಮೊದಲು ಬರಲಿ ಎಂದೆ. ಬರಲಿಲ್ಲ. ಆ ಕೆಲಸ ಇದೇ ಊರಿನ ಇನ್ನೊಬ್ಬ ಛಾಯಾಗ್ರಾಹಕರಿಗೆ ಹೋಗಿದೆಯೆಂದು ಕೇಳಿದೆ, ಯಾರೆಂದು ತಿಳಿಯಲಿಲ್ಲ. ಅವರು ಇದನ್ನು ಓದುತ್ತಿದ್ದರೆ, ಇನ್‌ವಾಯ್ಸ್ ಕಳಿಸುವ ಮುನ್ನ ಪಿ.ಓ.ದ ಎರಡನೆಯ ಪುಟವನ್ನು ಒಮ್ಮೆ ತೆರೆದು ನೋಡಲಿ.