ಮೂರು ಬೇಸಿಗೆ ಕಂಡ ಗೇಮಿಂಗ್ ಲ್ಯಾಪ್‌ಟಾಪ್: ಮದರ್‌ಬೋರ್ಡ್ ಬದಲಾಯಿಸುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಇಂಟೆಲ್ ಐ5-11400ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್, 144 ಹರ್ಟ್ಜ್ ಪರದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಈ ಲ್ಯಾಪ್‌ಟಾಪಿಗೆ ಇದು ಮೂರನೇ ಬೇಸಿಗೆ. ಸಂಜೆ ನಾನು ಗೇಮ್ ಆಡುತ್ತೇನೆ, ಹಗಲು ತಮ್ಮ ಬ್ಲೆಂಡರ್ ಅನ್ನೋ 3ಡಿ ಚಿತ್ರ ಮಾಡುವ ತಂತ್ರಾಂಶದಲ್ಲಿ ಕಾಲೇಜಿನ ಕೆಲಸ ಮಾಡುತ್ತಾನೆ. ಕಂಪನಿಯ ಹೆಸರು ಹೇಳುತ್ತಿಲ್ಲ. ಇಲ್ಲಿ ಬರೆದಿರುವ ತೊಂದರೆ ಈ ಬೆಲೆಯ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ ಬರುವಂಥದ್ದೇ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಪರದೆ ಇವತ್ತಿಗೂ ಹೊಸದರಂತಿದೆ. ಹಿಂಜ್ ಗಟ್ಟಿ. ಕೀಬೋರ್ಡಿನಲ್ಲಿ ಡಬ್ಲ್ಯೂ, ಎ, ಎಸ್, ಡಿ ಕೀಗಳ ಬಣ್ಣ ಸ್ವಲ್ಪ ಸವೆದಿದೆ, ಅಷ್ಟೇ. ಸ್ಪೀಕರ್ ಸುಮಾರು. ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವ ಹಾಗೆ ಮೊದಲಿಂದಲೂ ಇಟ್ಟಿದ್ದರಿಂದ ಬ್ಯಾಟರಿ ಊದಿಲ್ಲ.

ಈಗ ತೊಂದರೆ. ಹೋದ ಬೇಸಿಗೆಯಲ್ಲಿ ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಆಟ ತಡವರಿಸೋದು, ಫ್ಯಾನ್ ಜೋರಾಗಿ ಕೂಗೋದು, ಆಮೇಲೆ ಪ್ಲಗ್ ಕಿತ್ತ ಹಾಗೆ ಮೆಷಿನ್ ಪೂರ್ತಿ ಆಫ್. ತಮ್ಮ ಬ್ಲೆಂಡರ್‌ನಲ್ಲಿ ರೆಂಡರ್ (ಕೊನೆಯ ಚಿತ್ರ ತಯಾರಿಸುವ ಕೆಲಸ) ಹಾಕಿದರೂ ಇದೇ ಕಥೆ. ಒಂದು ಅಂಗಡಿಗೆ ಒಯ್ದೆವು. ಆನ್ ಮಾಡಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಬೋರ್ಡ್ ಹೋಗಿದೆ ಸಾರ್, ಬದಲಾಯಿಸಬೇಕು" ಅಂದರು. ಕೇಳಿದ ಹಣ ಲ್ಯಾಪ್‌ಟಾಪಿನ ಅರ್ಧ ಬೆಲೆಗೆ ಹತ್ತಿರ ಇತ್ತು. ಒಂದು ಸ್ಕ್ರೂ ಕೂಡ ಬಿಚ್ಚದೆ ಇಷ್ಟು ದೊಡ್ಡ ಮಾತು ಹೇಳಬಾರದು. ಅಪ್ಪ ಅಮ್ಮ ಕೂಡಿಟ್ಟ ದುಡ್ಡಿನಲ್ಲಿ ಲ್ಯಾಪ್‌ಟಾಪ್ ತಗೊಂಡ ಹುಡುಗರು ಇಂಥ ಮಾತು ಕೇಳಿ ಎದೆಗುಂದುತ್ತಾರೆ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೇಗೆ ಆಫ್ ಆಗುತ್ತದೆ ಅನ್ನೋದನ್ನ ಮೊದಲು ಗಮನಿಸಿ. ಗೇಮ್ ಮಾತ್ರ ಮುಚ್ಚಿಕೊಂಡು ವಿಂಡೋಸ್ ಹಾಗೇ ಇದ್ದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರ್ ಅಥವಾ ಆ ಗೇಮಿನದೇ ತೊಂದರೆ. ನೀಲಿ ಪರದೆ ಬಂದರೆ ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ಏನೂ ಹೇಳದೆ ಒಂದೇ ಸಲ ಆರಿಹೋದರೆ ಸಾಮಾನ್ಯವಾಗಿ ಶಾಖ ಅಥವಾ ಪವರ್ ತೊಂದರೆ. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ನನ್ನದರಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಅಂತ ಇತ್ತು. ಇದನ್ನು ನೋಡಿ ಸುಮ್ನೆ ಹೆದರಬೇಡಿ. ಮೆಷಿನ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಅಂತ ಮಾತ್ರ ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆ ದೋಷದ ಸಂಖ್ಯೆ) 0 ಇತ್ತು. ಅಂದರೆ ದೋಷ ಬರೆದಿಡುವಷ್ಟೂ ಹೊತ್ತು ವಿಂಡೋಸ್‌ಗೆ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯ ತುಂಬ ಜನರ ದಾರಿ ತಪ್ಪಿಸುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಆಡಿದರೆ ನನ್ನದು ಆಫ್ ಆಗುತ್ತಿರಲಿಲ್ಲ. "ಹಾಗಾದ್ರೆ ಚಾರ್ಜರ್ ಹೋಗಿದೆ" ಅಂದ ಗೆಳೆಯರೇ ಜಾಸ್ತಿ. ಆದರೆ ಬ್ಯಾಟರಿಯಲ್ಲಿ ಇದ್ದಾಗ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಕಡಿಮೆ ವ್ಯಾಟ್‌ನಲ್ಲಿ ಓಡುತ್ತವೆ. ಕಡಿಮೆ ವ್ಯಾಟ್ ಅಂದರೆ ಕಡಿಮೆ ಶಾಖ. ಆದ್ದರಿಂದ ಇದೊಂದನ್ನೇ ನಂಬಿ ಹೊಸ ಚಾರ್ಜರ್ ತಗೋಬೇಡಿ.

ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿ ಸೆನ್ಸರ್ ಲಾಗ್ ಆನ್ ಮಾಡಿ ಆಡಿದೆ. ಆಫ್ ಆದರೂ ಅಲ್ಲಿಯವರೆಗಿನ ಲೆಕ್ಕ ಫೈಲಿನಲ್ಲಿ ಉಳಿದಿರುತ್ತದೆ. ಪ್ರೊಸೆಸರ್ 98ರಿಂದ 100 ಡಿಗ್ರಿ, ಗ್ರಾಫಿಕ್ಸ್ 86. ಈ ಪ್ರೊಸೆಸರಿಗೆ 100 ಡಿಗ್ರಿಯೇ ಗಡಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತಿದ್ದುದು ಅದಕ್ಕೇ. ಅಷ್ಟಾದರೂ ಶಾಖ ಹೊರಗೆ ಹೋಗದಿದ್ದರೆ ಮೆಷಿನ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ಕಡಿದುಬಿಡುತ್ತದೆ.

ಇಲ್ಲಿ ನಮ್ಮ ಊರಿನ ಮಾತು ಹೇಳಲೇಬೇಕು. ಯೂಟ್ಯೂಬ್‌ನಲ್ಲಿ ರಿವ್ಯೂ ಮಾಡುವವರಲ್ಲಿ ಹೆಚ್ಚಿನವರು ಎಸಿ ರೂಮಿನಲ್ಲಿ ಕೂತಿರುತ್ತಾರೆ. ನನ್ನ ರೂಮು ತಾರಸಿಯ ಕೆಳಗೆ. ಏಪ್ರಿಲ್‌ನಲ್ಲಿ ರಾತ್ರಿ ಊಟದ ಹೊತ್ತಿಗೂ ಒಳಗೆ 34 ಡಿಗ್ರಿ ಇರುತ್ತದೆ. ರೂಮು 10 ಡಿಗ್ರಿ ಏರಿದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 85 ತೋರಿಸಿದ ಮೆಷಿನ್ ಇಲ್ಲಿ 95 ಮುಟ್ಟುತ್ತದೆ. ಅದರ ಮೇಲೆ ಧೂಳು. ಜಿಲ್ಲೆಯಲ್ಲಿ ಕಲ್ಲು ಕ್ವಾರಿ, ಕ್ರಷರ್‌ಗಳು ಬೇಕಾದಷ್ಟಿವೆ. ಜಲ್ಲಿ ತುಂಬಿದ ಟಿಪ್ಪರ್‌ಗಳು ಓಡಾಡುವ ರಸ್ತೆ ಪಕ್ಕದ ಮನೆಗಳಲ್ಲಿ ಬೆಳಗ್ಗೆ ಒರೆಸಿದ ಟೇಬಲ್ ಸಂಜೆಗೆ ಬೆಳ್ಳಗಾಗಿರುತ್ತದೆ. ಲ್ಯಾಪ್‌ಟಾಪ್ ಉಸಿರಾಡುವುದೂ ಅದೇ ಗಾಳಿಯನ್ನು.

ವಾರಂಟಿ ಮುಗಿದಿತ್ತು. ಮೊಬೈಲ್ ರಿಪೇರಿ ಮಾಡುವ ಗೆಳೆಯನ ಜೊತೆ ಕೂತು ಬಿಚ್ಚಿದೆ. "ಮೊದ್ಲು ಬ್ಯಾಟರಿ ಕನೆಕ್ಟರ್ ತೆಗಿಯಪ್ಪ, ಆಮೇಲೆ ಬೇರೆಲ್ಲ" ಅಂದ. ಮೇಲಿಂದ ನೋಡಿದರೆ ಫ್ಯಾನ್ ರೆಕ್ಕೆಗಳ ಮೇಲೆ ಧೂಳಿನ ತೆಳು ಪದರ ಅಷ್ಟೇ. ನಿಜವಾದ ಧೂಳು ಕಂಡದ್ದು ಫ್ಯಾನ್ ಎತ್ತಿದ ಮೇಲೆ. ಫ್ಯಾನಿಗೂ ಬಿಸಿಗಾಳಿ ಹೊರಹೋಗುವ ತಾಮ್ರದ ಜಾಲರಿಗೂ ನಡುವೆ ಧೂಳು, ನೂಲು, ಕೂದಲು ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಮುಟದಲ್ಲಿ ಎಳೆದರೆ ಇಡೀ ಪಟ್ಟಿಯೇ ಒಂದಾಗಿ ಬಂತು. ಹೊರಗಿನಿಂದ ಬ್ಲೋವರ್ ಹಿಡಿದಿದ್ದರೆ ಇದು ಅಲುಗುತ್ತಲೂ ಇರಲಿಲ್ಲ. ಗ್ರಾಫಿಕ್ಸ್ ಕಡೆಯ ಫ್ಯಾನನ್ನು ಬೆರಳಲ್ಲಿ ತಿರುಗಿಸಿದರೆ ಬಿಗಿಯಾಗಿ ನಿಂತುಬಿಡುತ್ತಿತ್ತು. ಇನ್ನೊಂದು ಸಲೀಸಾಗಿ ಸುತ್ತುತ್ತಿತ್ತು. ಪ್ರೊಸೆಸರ್, ಗ್ರಾಫಿಕ್ಸ್ ಎರಡು ಚಿಪ್ಪೂ ಶಾಖ ಸಾಗಿಸುವ ಹೀಟ್ ಪೈಪ್ ಹಂಚಿಕೊಂಡಿರುವುದರಿಂದ ಒಂದು ಫ್ಯಾನ್ ಸೋತರೆ ಎರಡೂ ಬೇಯುತ್ತವೆ. ಚಿಪ್ಪಿನ ಶಾಖ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಎತ್ತಿದಾಗ ಪ್ರೊಸೆಸರಿನ ನಡುಭಾಗ ಬೋಳಾಗಿ ಹೊಳೆಯುತ್ತಿತ್ತು, ಶಾಖ ದಾಟಿಸಲು ನಡುವೆ ಹಚ್ಚುವ ಪೇಸ್ಟ್ ಎಲ್ಲ ಅಂಚಿಗೆ ಸರಿದು ಒಣಗಿತ್ತು. ಕಾದು ಆರಿ, ಕಾದು ಆರಿ ಪೇಸ್ಟ್ ಹೀಗೆ ಪಕ್ಕಕ್ಕೆ ಹೋಗುವುದು ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಜೋಡಿ ಫ್ಯಾನ್ ತಂದೆ. ಪೇಸ್ಟ್ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಹಾಕಿದೆವು. ಅದು ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನ ಹಾಗೆ ಬೇಗ ಪಕ್ಕಕ್ಕೆ ಸರಿಯಲ್ಲ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆದರೆ ಮೇಲಿನ ಪ್ಲಾಸ್ಟಿಕ್ ಸುಲಭವಾಗಿ ಬಿಡುತ್ತದೆ. ಎರಡೂ ಬದಿಯ ಪ್ಲಾಸ್ಟಿಕ್ ತೆಗೆಯಲೇಬೇಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3 ಅಂತ ಬರೆದಿರುತ್ತದೆ. ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಗ್ರಾಫಿಕ್ಸ್ ಮೆಮೊರಿ ಮೇಲೆ ಶಾಖ ದಾಟಿಸಲು ಇಟ್ಟ ಮೆತ್ತನೆ ಥರ್ಮಲ್ ಪ್ಯಾಡ್ ಹರಿಯದಂತೆ ನೋಡಿಕೊಳ್ಳಿ. ಹರಿದರೆ ಅದೇ ದಪ್ಪದ್ದನ್ನೇ ಹಾಕಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರಲ್ಲ.

ಅದೇ ರೂಮು, ಅದೇ ಗೇಮ್. ಈಗ ಪ್ರೊಸೆಸರ್ 84, ಗ್ರಾಫಿಕ್ಸ್ 73. ಅವತ್ತಿನಿಂದ ಒಮ್ಮೆಯೂ ಆಫ್ ಆಗಿಲ್ಲ. ಹೋಗಿದೆ ಅಂದಿದ್ದ ಅದೇ ಬೋರ್ಡಿನಲ್ಲಿ ಈ ಬೇಸಿಗೆಯೂ ಕಳೆಯುತ್ತಿದೆ.

ಬಿಚ್ಚಲು ಧೈರ್ಯ ಇಲ್ಲದವರು ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 99 ಮಾಡಿದರೆ ಟರ್ಬೊ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ. 4.5 ಗಿಗಾಹರ್ಟ್ಜ್‌ವರೆಗೆ ಏರುವ ಈ ಪ್ರೊಸೆಸರ್ 2.7ರ ಆಸುಪಾಸಿನಲ್ಲಿ ಓಡುತ್ತದೆ, ಶಾಖ ತಕ್ಷಣ ಇಳಿಯುತ್ತದೆ. ಗ್ರಾಫಿಕ್ಸ್ ಮೇಲೇ ಭಾರ ಹಾಕುವ ದೊಡ್ಡ ಗೇಮ್‌ಗಳಲ್ಲಿ ನನಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ವ್ಯಾಲೊರಂಟ್ ಗೇಮಿನಲ್ಲಿ ಮಾತ್ರ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಬಿತ್ತು. ಒಬ್ಬರೇ ಆಡುವ ಗೇಮ್‌ಗಳನ್ನು 60 ಎಫ್‌ಪಿಎಸ್‌ಗೆ ಕಟ್ಟಿಹಾಕಿದರೂ ಸಾಕಷ್ಟು ತಣ್ಣಗಿರುತ್ತದೆ.

ಲ್ಯಾಪ್‌ಟಾಪ್ ಕೆಳಗಿಡುವ, ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳಗೆ ಧೂಳು ಕಟ್ಟಿಕೊಂಡಿದ್ದಾಗ ಅದರಿಂದ ಏನೂ ಆಗಲಿಲ್ಲ. ಕ್ಲೀನ್ ಮಾಡಿದ ಮೇಲೆ ಎರಡು ಮೂರು ಡಿಗ್ರಿ ಇಳಿಸಿತು. ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೂ ಅಷ್ಟೇ ಇಳಿಯುತ್ತದೆ, ಮತ್ತೆ ಪ್ಯಾಡಿಗೆ ದುಡ್ಡು ಯಾಕೆ? ಹಾಸಿಗೆ ಮೇಲೆ ಮಾತ್ರ ಇಡಬೇಡಿ, ಕೆಳಗಿನ ಗಾಳಿ ಕಿಂಡಿ ಪೂರ್ತಿ ಮುಚ್ಚುತ್ತದೆ.

ಇದೇ ಮಾಡೆಲ್ ಮತ್ತೆ ತಗೊಳ್ತೀರಾ ಅಂದರೆ, ತಗೊಳ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಕೊಟ್ಟದ್ದು ಫ್ಯಾನ್ ಇಷ್ಟು ಬೇಗ ಬಿಗಿಯಾಗಿದ್ದಕ್ಕೆ. ವಾರಂಟಿ ಇರುವವರು ತಾವೇ ಬಿಚ್ಚದೆ ಸರ್ವಿಸ್ ಸೆಂಟರಿನಲ್ಲೇ ಕ್ಲೀನ್ ಮಾಡಿಸಿ, ಫ್ಯಾನ್ ಎತ್ತಿ ಜಾಲರಿಯ ಧೂಳು ತೆಗೆದರಾ ಅಂತ ಕೇಳಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾರುವವರ ಮುಂದೆಯೇ ಅರ್ಧ ಗಂಟೆ ಗೇಮ್ ಓಡಿಸಿ, ಎಚ್‌ಡಬ್ಲ್ಯೂಇನ್ಫೋದ ಮ್ಯಾಕ್ಸಿಮಮ್ ಕಾಲಂ ನೋಡಿ. ಅಲ್ಲಿ 100 ಕಂಡರೆ ಫ್ಯಾನ್ ಮತ್ತು ಪೇಸ್ಟಿನ ಖರ್ಚು ಕಳೆದು ಬೆಲೆ ಮಾತಾಡಿ.