ಭಾನುವಾರದ ಸಿ ಕ್ಲಾಸ್: ಪಾಠ ಸೂಪರ್, ಇನ್ವರ್ಟರ್ ಇಲ್ಲ

ದಾವಣಗೆರೆಯ ವಿದ್ಯಾನಗರದಲ್ಲಿ ಮೆಡಿಕಲ್ ಶಾಪ್ ಮೇಲಿರುವ ಕೋಚಿಂಗ್ ಕ್ಲಾಸಿಗೆ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಎರಡು ತಿಂಗಳು ಹೋದೆ. ಹೆಸರು ಬೇಡ ಬಿಡಿ.

ಲಿಂಕರ್ (ಬೇರೆ ಬೇರೆ ಫೈಲಿನ ಕೋಡನ್ನು ಹೆಸರು ನೋಡಿ ಜೋಡಿಸುವ ಪ್ರೋಗ್ರಾಂ) ಬಗ್ಗೆ ಮಾಡಿದ ಒಂದು ಪಾಠಕ್ಕೇ ಕೊಟ್ಟ ಫೀಸು ವಸೂಲಾಯಿತು. ಸರ್ ಬೋರ್ಡ್ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಫಂಕ್ಷನ್ ಹೆಸರು ಬರೆದರು: ಬೆಣ್ಣೆ_ಖಾಲಿ, ಬೆಣ್ಣೆ_ಓಪನ್. ಆರನೇ ಅಕ್ಷರದ ಆಚೆಗಿದ್ದದ್ದನ್ನೆಲ್ಲ ಅಂಗೈಯಲ್ಲೇ ಒರೆಸಿಬಿಟ್ಟರು. ಎರಡು ಕಡೆಯೂ ಉಳಿದಿದ್ದು ಬರೀ ಬೆಣ್ಣೆ, ಒಂದು ಅಂಡರ್‌ಸ್ಕೋರ್! "ಈಗ ಲಿಂಕರ್ ಯಾವ ದೋಸೆ ಕೊಡಬೇಕು, ಹೇಳ್ರಿ?" ಅಂದರು.

1989ರ ಸಿ ಸ್ಟ್ಯಾಂಡರ್ಡ್ (ಆ ಭಾಷೆಯ ಅಧಿಕೃತ ನಿಯಮಾವಳಿ), ಬೇರೆ ಫೈಲಿಗೂ ಕಾಣುವ ಹೆಸರುಗಳಲ್ಲಿ ಮೊದಲ 6 ಅಕ್ಷರಕ್ಕೆ ಮಾತ್ರ ಗ್ಯಾರಂಟಿ ಕೊಟ್ಟಿತ್ತಂತೆ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ ಅಂತ ಲಿಂಕರ್ ಅಂದುಕೊಂಡರೂ ತಪ್ಪಿರಲಿಲ್ಲ. ಫೈಲಿನ ಒಳಗೇ ಉಳಿಯುವ ಹೆಸರಿಗೆ 31 ಅಕ್ಷರ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಹಳೇ ಫೋರ್ಟ್ರಾನ್‌ನಲ್ಲೂ ಹೆಸರಿಗೆ ಆರೇ ಅಕ್ಷರ ಇತ್ತಲ್ವಾ, ಲಿಂಕರ್‌ಗಳೂ ಅದೇ ಅಳತೆಗೆ ಒಗ್ಗಿಕೊಂಡಿದ್ದವು. ಸ್ಟ್ರ್‌ಲೆನ್, ಸ್ಟ್ರ್‌ಕಂಪ್ ಅಂತ ಸಿ ಫಂಕ್ಷನ್ ಹೆಸರುಗಳನ್ನು ಸುಮ್ನೆ ಮೊಟಕು ಮಾಡಿದ್ದಾರೆ ಅಂದುಕೊಂಡಿದ್ದೆ. ಇಂಗ್ಲಿಷಲ್ಲಿ (strlen, strcmp) ಎಣಿಸಿ ನೋಡಿ, ಎರಡೂ ಸರಿಯಾಗಿ ಆರಕ್ಷರ.

ಆದರೆ ಇಲ್ಲಿ ಕೊಡುವ ಜೆರಾಕ್ಸ್ ನೋಟ್ಸ್ ನಂಬಬೇಡಿ. 1999ರ ಸ್ಟ್ಯಾಂಡರ್ಡ್‌ನಲ್ಲಿ ಆ 6 ಹೋಗಿ 31 ಆಯಿತು, ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸಕ್ಕೂ ಬೆಲೆ ಬಂತು. ನೋಟ್ಸ್‌ನಲ್ಲಿ ಮಾತ್ರ ಇನ್ನೂ 6. ಸರ್ ಬಾಯಲ್ಲಿ ಸರಿಯಾಗಿ ಹೇಳಿದರು, ಕಾಗದ ತಿದ್ದಲಿಲ್ಲ.

ಕರೆಂಟ್ ಹೋದರೆ ಕ್ಲಾಸೂ ಹೋಯಿತು. ಮೂರು ಭಾನುವಾರ ಹಾಗೇ ಕೆಳಗಿಳಿದು ಬಂದು ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೋಗಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್.