ಚಿಗುರು ಬಂತು ಅಂತ ಕುಣಿದೆ, ಎಂಟರಲ್ಲಿ ಆರು ಹೋದವು

ಬೇರ್ ರೂಟ್ ಗುಲಾಬಿ ತರಿಸುವ ಯೋಚನೆ ಇದ್ದರೆ ಒಂದು ನಿಮಿಷ ನಿಂತು ಇದನ್ನು ಓದಿ. ಮಣ್ಣಿಲ್ಲ, ಎಲೆಯಿಲ್ಲ, ಬರೀ ಕಡ್ಡಿ ಮತ್ತು ಬೇರು. ಗಿಡ ನಿದ್ದೆಯಲ್ಲಿರುವಾಗ ಕಿತ್ತು, ಬೇರಿಗೆ ಒದ್ದೆ ಪಾಚಿಯೋ ಮರದ ಹೊಟ್ಟೋ ಸುತ್ತಿ, ಪ್ಲಾಸ್ಟಿಕ್ ಕಟ್ಟಿ ಕಳಿಸುತ್ತಾರೆ. ನಾನು ಎಂಟು ತರಿಸಿದೆ. ಐದು ಕುಂಡಕ್ಕೆ, ಮೂರು ನೆಲಕ್ಕೆ. ಮೂರು ತಿಂಗಳಲ್ಲಿ ಉಳಿದದ್ದು ಎರಡು. ಅದರಲ್ಲೂ ಒಂದು ಉಳಿದೂ ಉಳಿಯದ ಹಾಗೆ. ಆ ಕಥೆ ಆಮೇಲೆ.

ಮಾರಿದವರ ಮೇಲೆ ಸಿಟ್ಟಿದೆ, ಸುಳ್ಳೇಕೆ. ಜೊತೆಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಗುಂಡಿ ತೋಡಿ, ನೆಡಿ, ನೀರು ಹಾಕಿ. ಆದರೆ ಅವರು ಕಳಿಸಿದ್ದು ಜೀವ ಇರುವ ಗಿಡಗಳನ್ನೇ. ಕೊಂದದ್ದು ಬಹುಪಾಲು ನಾನೇ.

ಪಾರ್ಸೆಲ್ ಬಂದ ಮೇಲೆ ಮೂರು ದಿನ ಬಿಚ್ಚಲೇ ಇಲ್ಲ. ಬಿಚ್ಚಿದಾಗ ಎರಡು ಗಿಡದಲ್ಲಿ ಬೆರಳುದ್ದದ ಬಿಳಿಚಿದ ಚಿಗುರು. ಆಹಾ, ಆಗಲೇ ಶುರುವಾಗಿದೆ ಅಂದುಕೊಂಡೆ. ಕತ್ತಲೆಯಲ್ಲಿ, ಬೆಚ್ಚಗೆ ಕೂತು ಗಿಡ ತನ್ನ ಬುತ್ತಿಯನ್ನು ಆಗಲೇ ತಿನ್ನತೊಡಗಿದೆ ಅನ್ನುವುದು ಹೊಳೆಯಲಿಲ್ಲ. ಇನ್ನೊಂದರ ಬೇರು ಬಗ್ಗಿಸಿದರೆ ಲಟಕ್ ಅಂತ ಮುರಿಯಿತು. ಒಳ್ಳೆಯ ಬೇರು ಬಾಗಬೇಕು, ಮುರಿಯಬಾರದು.

ನೆಡುವ ಮುಂಚೆ ಬೇರನ್ನು ನೀರಿನಲ್ಲಿ ನೆನೆಸಬೇಕು, ಅದು ಸರಿ. ಒಂದು ರಾತ್ರಿ ಸಾಕು. ನಾನು ಜಾಸ್ತಿ ಕುಡಿಯಲಿ ಅಂತ ಎರಡು ದಿನ ಬಕೆಟ್‌ನಲ್ಲೇ ಬಿಟ್ಟೆ. ಬೇರಿಗೂ ಗಾಳಿ ಬೇಕು ಅಲ್ವಾ, ಅದು ತಲೆಗೇ ಬರಲಿಲ್ಲ.

ಆಮೇಲೆ ಕುಂಡ. ನೋಡೋಕೆ ಚಂದ ಅಂತ 25 ಸೆಂಟಿಮೀಟರ್ ಅಗಲದ್ದು ತಂದಿದ್ದೆ. ಬೇರು ಹಿಡಿಸಲಿಲ್ಲ. ಸಿಂಬೆ ಸುತ್ತಿದ ಹಾಗೆ ಸುತ್ತಿ ಒಳಗೆ ತುರುಕಿದೆ. ಗುಲಾಬಿಗೆ ಕಡಿಮೆ ಅಂದರೂ 40 ಸೆಂಟಿಮೀಟರ್ ಆಳದ ಕುಂಡ ಬೇಕು. ಒಳಗೆ ಮಣ್ಣನ್ನು ಗುಡ್ಡೆ ಮಾಡಿ, ಅದರ ಮೇಲೆ ಬೇರನ್ನು ಕೊಡೆ ಬಿಚ್ಚಿದ ಹಾಗೆ ಹರಡಬೇಕು. ತೋಟದ ಮಣ್ಣನ್ನೇ ಕುಂಡಕ್ಕೆ ತುಂಬಿದ್ದು ಇನ್ನೊಂದು ತಪ್ಪು. ನಾಲ್ಕು ಸಲ ನೀರು ಹಾಕಿದ ಮೇಲೆ ಅದು ಇಟ್ಟಿಗೆಯಾಯಿತು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತೆ ಅಂತಾರಲ್ಲ, ಹಾಗೇನೂ ಆಗಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನೀರು ನಿಲ್ಲುತ್ತೆ, ಬೇರಿಗೆ ಜಾಗ ಕಡಿಮೆಯಾಗುತ್ತೆ ಅಷ್ಟೇ.

ಇಷ್ಟು ಸಾಲದು ಅಂತ ಮುಗಿಯುವ ತನಕ ಗುಂಡಿಗೊಂದು ಹಿಡಿ ರಾಸಾಯನಿಕ ಗೊಬ್ಬರ ಹಾಕಿದೆ.

ಎರಡು ವಾರದಲ್ಲಿ ಎಂಟಕ್ಕೆ ಎಂಟೂ ಚಿಗುರಿದವು! ಕೆಂಪು ಕೆಂಪು ಎಳೆ ಎಲೆ. ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಬುಡಕ್ಕೆ ಮುಚ್ಚಿದ್ದ ಒಣ ಎಲೆ ತೆಗೆದೆ, ಕುಂಡಗಳನ್ನು ನೆರಳಿನಿಂದ ಉರಿಬಿಸಿಲಿಗೆ ತಂದಿಟ್ಟೆ, ಮೇಲೆ ಇನ್ನಷ್ಟು ಗೊಬ್ಬರ ಕೊಟ್ಟೆ.

ನಾನು ಮೋಸ ಹೋದದ್ದು ಇಲ್ಲೇ. ಮೊದಲ ಚಿಗುರಿಗೆ ಹೊಸ ಬೇರೇ ಬೇಕಿಲ್ಲ. ಕಡ್ಡಿಯಲ್ಲೂ ಹಳೆಯ ದಪ್ಪ ಬೇರಿನಲ್ಲೂ ಕೂಡಿಟ್ಟ ಆಹಾರದಿಂದಲೇ ಅದು ಬರುತ್ತೆ. ಮಣ್ಣಿನ ಕೆಳಗೆ ನೀರು ಹೀರುವ ಸಣ್ಣ ಬಿಳಿ ಬೇರು ಇನ್ನೂ ಹುಟ್ಟಿರುವುದಿಲ್ಲ. ಎಲೆ ಹೆಚ್ಚಿದ ಹಾಗೆ ನೀರಿನ ಖರ್ಚು ಹೆಚ್ಚುತ್ತೆ, ಒಳಕ್ಕೆ ಬರೋದು ಮಾತ್ರ ಏನೂ ಇಲ್ಲ. ಹುಟ್ಟಿದ ನಾಲ್ಕು ಎಳೆ ಬೇರನ್ನೂ ನನ್ನ ಗೊಬ್ಬರ ಸುಟ್ಟಿತ್ತು.

ಒಂದು ತಿಂಗಳಾಗುವಾಗ ಮಧ್ಯಾಹ್ನ ಎಲೆ ಜೋಲತೊಡಗಿತು. ಬಾಯಾರಿಕೆ ಅಂತ ದಿನಕ್ಕೆ ಎರಡು ಸಲ ನೀರು ಸುರಿದೆ. ಇನ್ನೂ ಜೋಲಿತು. ಕೊನೆಗೆ ಒಂದನ್ನು ಹಿಡಿದು ಎಳೆದೆ. ಮೊಸರಿಗೆ ಅದ್ದಿದ ಚಮಚ ತೆಗೆದ ಹಾಗೆ ಸಲೀಸಾಗಿ ಬಂತು. ನಾನು ಸುತ್ತಿ ತುರುಕಿದ್ದ ಅದೇ ಸಿಂಬೆ, ಒಂದೇ ಒಂದು ಬಿಳಿ ಎಳೆ ಇಲ್ಲ. ಬೇರನ್ನು ಎರಡು ಬೆರಳಲ್ಲಿ ಹಿಡಿದು ಜಾರಿಸಿದರೆ ಕಪ್ಪು ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ದಾರದಂಥ ನಾರು ಉಳಿಯಿತು. ಕೊಳೆತ ವಾಸನೆ. ಒಂದು ವಾರದಲ್ಲಿ ಕುಂಡದ ಐದೂ, ನೆಲದ ಒಂದೂ ಹೋದವು.

ಉಳಿದ ಎರಡರಲ್ಲಿ ಒಂದು ರಭಸದಿಂದ ಬೆಳೆಯಿತು. ಕೆಂಪು ಹೂವಿನ ಗಿಡ ಅಂತ ತರಿಸಿದ್ದು ಅದು. ಹೂವು ಬಂದಾಗ ನೋಡಿದರೆ ಗೊಂಚಲು ಗೊಂಚಲು ಪುಟ್ಟ ಬಿಳಿ ಹೂ. ಇಂಥ ಗುಲಾಬಿಯನ್ನು ಕಾಡು ಗುಲಾಬಿಯ ಬೇರಿಗೆ ಕಸಿ ಕಟ್ಟಿರುತ್ತಾರೆ, ಎರಡೂ ಕೂಡುವ ಜಾಗವೇ ಕಸಿ ಗಂಟು. ಅದರ ಮೇಲಿನ ಭಾಗ ಯಾವಾಗಲೋ ಸತ್ತು, ಕೆಳಗಿನ ಕಾಡು ಗುಲಾಬಿ ಎದ್ದಿತ್ತು. ಅದಕ್ಕೆ ನಾನು ಮೂರು ತಿಂಗಳು ಆರೈಕೆ ಮಾಡಿದ್ದೆ! ಗಂಟಿನ ಕೆಳಗಿಂದ ಚಿಗುರು ಬಂದರೆ ಕತ್ತರಿಸಬೇಡಿ, ಮತ್ತೆ ಬರುತ್ತೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಗಂಟು ಎಲ್ಲಿರಬೇಕು ಅನ್ನುವುದು ಚಳಿಯ ಮೇಲೆ ನಿಂತಿದೆ. ಬೆಚ್ಚಗಿನ ಕಡೆ ಮಣ್ಣಿನಿಂದ ತುಸು ಮೇಲೆ, ನೆಲ ಹೆಪ್ಪುಗಟ್ಟುವ ಕಡೆ ಎರಡು ಮೂರು ಬೆರಳು ಒಳಗೆ.

ನಿಜವಾಗಿ ಬದುಕಿದ್ದು ನೆಲದ ಕೊನೆಯ ಗಿಡ. ಅದನ್ನು ನೆಡುವಾಗ ಗೊಬ್ಬರ ಖಾಲಿಯಾಗಿತ್ತು. ಸುಸ್ತಾಗಿ, ಅಗೆದ ಗುಂಡಿಯೊಳಗೆ ಬೇರು ಹರಡಿ, ಒಂದು ಬಕೆಟ್ ನೀರು ಹಾಕಿ ಎದ್ದು ಬಂದಿದ್ದೆ. ಒಣ ಎಲೆ ತೆಗೆಯುವಾಗಲೂ ಅದು ಮೂಲೆಯಲ್ಲಿತ್ತು ಅಂತ ಮರೆತೇ ಹೋಗಿತ್ತು.

ಈಗ ಮತ್ತೆ ಮೂರು ತಂದಿದ್ದೇನೆ. ಅವತ್ತೇ ನೆಡಲು ಆಗಲಿಲ್ಲ, ಹಾಗಾಗಿ ನೆರಳಲ್ಲಿ ಸಣ್ಣ ಕಾಲುವೆ ತೋಡಿ, ಗಿಡಗಳನ್ನು ಓರೆಯಾಗಿ ಮಲಗಿಸಿ, ಬೇರಿನ ಮೇಲೆ ಒದ್ದೆ ಮಣ್ಣು ಎಳೆದಿಟ್ಟಿದ್ದೆ. ಮೂರು ದಿನ ಹಾಗೇ ಇದ್ದವು, ಏನೂ ಆಗಲಿಲ್ಲ. ನೆಟ್ಟು ಹದಿನೈದು ದಿನವಾಯಿತು. ಒಂದರಲ್ಲಿ ಕೆಂಪು ಮೊಳಕೆ ಕಾಣುತ್ತಿದೆ. ಗೊಬ್ಬರದ ಚೀಲ ಇನ್ನೂ ಬಿಚ್ಚಿಲ್ಲ. ಫೋಟೋನೂ ತೆಗೆದಿಲ್ಲ.